ಟೈಪ್ ಮಾಡುವವರು ಯಾರೇ ಇರಲಿ, ಉತ್ತರ ನಿಮ್ಮದಿರಲಿ

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಸಿದ್ದಾಪುರ, ನಾಪೋಕ್ಲು. ಕೊಡಗಿನ ಯಾವ ಪೇಟೆಗೆ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದಾದರೂ ಸೈಬರ್ ಅಂಗಡಿ ಕಣ್ಣಿಗೆ ಬೀಳುತ್ತದೆ. ಜೆರಾಕ್ಸ್, ಲ್ಯಾಮಿನೇಷನ್, ಪ್ಯಾನ್ ಕಾರ್ಡ್, ಆರ್‌ಟಿಸಿ ಎಂದು ಬರೆದ ಬೋರ್ಡಿನಲ್ಲಿ ಪಾಸ್‌ಪೋರ್ಟಿಗೂ ಒಂದು ಸಾಲು ಮೀಸಲು. ಅದಕ್ಕೆ ಕಾರಣವೂ ಇದೆ. ಈ ಜಿಲ್ಲೆಯಲ್ಲಿ ಪಾಸ್‌ಪೋರ್ಟ್ ಉಳ್ಳವರ ವಸ್ತುವಾಗಿ ಮಾತ್ರ ಉಳಿಯದೆ ಬಹಳ ಕಾಲವಾಯಿತು. ಗಲ್ಫ್‌ಗೆ ದುಡಿಯಲು ಹೋದ ಹುಡುಗರು, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು, ನರ್ಸಿಂಗ್ ಮುಗಿಸಿ ವಿದೇಶದ ಕೆಲಸಕ್ಕೆ ಕಾದಿರುವ ಹುಡುಗಿಯರು, ಸೇನೆಯಿಂದ ನಿವೃತ್ತರಾಗಿ ಮಕ್ಕಳ ಮನೆ ನೋಡಿಬರಲು ಹೊರಟವರು, ಹಜ್, ಉಮ್ರಾಗೆ ಹೊರಟ ಹಿರಿಯರು ಎಲ್ಲರಿಗೂ ಅದು ಬೇಕು. ಒಮ್ಮೆ ಮಾಡಿಸಿದ ಪುಸ್ತಕದ ಹತ್ತು ವರ್ಷ ಮುಗಿಯುತ್ತಾ ಬಂದಾಗ ಇವರಲ್ಲಿ ಹೆಚ್ಚಿನವರು ನೇರವಾಗಿ ನಡೆಯುವುದು ಇಂಥ ಅಂಗಡಿಗೇ.

ಅದರಲ್ಲಿ ತಪ್ಪೇನೂ ಇಲ್ಲ. ಅರ್ಜಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಆನ್‌ಲೈನಿನಲ್ಲೇ ತುಂಬಬೇಕು. ಹಣವನ್ನೂ ಆನ್‌ಲೈನಿನಲ್ಲೇ ಕಟ್ಟಿ ಭೇಟಿಯ ದಿನ ಕಾಯ್ದಿರಿಸಬೇಕು. ಮಳೆಗಾಲದಲ್ಲಿ ಕರೆಂಟು ಮೂರು ದಿನ ಬಾರದ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಇರುವವರಿಗೆ ‘ಮನೆಯಲ್ಲೇ ಕೂತು ಅರ್ಜಿ ಹಾಕಿ’ ಎಂದು ಉಪದೇಶ ಮಾಡುವುದು ಸುಲಭ. ಸಹಾಯ ಬೇಕಾದವರು ಸಹಾಯ ಪಡೆಯಲಿ. ಆದರೆ ಆ ಸಹಾಯ ಎಲ್ಲಿಗೆ ನಿಲ್ಲಬೇಕು ಎಂಬ ಗೆರೆಯೊಂದಿದೆ. ಟೈಪ್ ಮಾಡುವುದು ಅಂಗಡಿಯವನ ಕೆಲಸ. ಅರ್ಜಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅರ್ಜಿದಾರರ ಕೆಲಸ. ನಮ್ಮಲ್ಲಿ ಆಗುವ ತೊಂದರೆಗಳೆಲ್ಲ ಈ ಎರಡನೆಯದನ್ನೂ ಅಂಗಡಿಯವನ ಕೈಗೆ ಕೊಟ್ಟುಬಿಡುವುದರಿಂದ ಆಗುವಂಥವು.

ಮೊದಲು ಹಣದ ವಿಚಾರ ಮುಗಿಸೋಣ. ವಯಸ್ಕರ 36 ಪುಟದ ಪಾಸ್‌ಪೋರ್ಟಿಗೆ ಸರ್ಕಾರದ ಶುಲ್ಕ ₹1,500. 60 ಪುಟದ್ದಕ್ಕೆ ₹2,000. 2012ರ ಅಕ್ಟೋಬರ್‌ನಲ್ಲಿ ಏರಿದ ದರ ಇದು. ಹೊಸದಕ್ಕೂ ನವೀಕರಣಕ್ಕೂ ಒಂದೇ. ತತ್ಕಾಲ್ ಬೇಕೆಂದರೆ ಇನ್ನೂ ₹2,000 ಸೇರುತ್ತದೆ. 18 ವರ್ಷದೊಳಗಿನವರಿಗೆ ₹1,000, ಅವರ ಪುಸ್ತಕಕ್ಕೆ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾನ್ಯತೆ. ಇನ್ನು ಸಹಾಯದ ದರ. ವಿದೇಶಾಂಗ ಸಚಿವಾಲಯ 2014ರಲ್ಲಿ ಸಾಮಾನ್ಯ ಸೇವಾ ಕೇಂದ್ರಗಳಿಗೆ, ಅಂದರೆ ಸಿಎಸ್‌ಸಿ ಬೋರ್ಡಿರುವ ಅಂಗಡಿಗಳಿಗೆ, ಪಾಸ್‌ಪೋರ್ಟ್ ಅರ್ಜಿ ತುಂಬುವ ಕೆಲಸವನ್ನೂ ವಹಿಸಿತು. ಅರ್ಜಿ ತುಂಬಿ, ದಾಖಲೆ ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ, ಭೇಟಿಯ ದಿನ ಗೊತ್ತುಮಾಡಿಕೊಡಲು ಆಗ ನಿಗದಿ ಮಾಡಿದ್ದು ಅರ್ಜಿಯೊಂದಕ್ಕೆ ₹100. ಖಾಸಗಿ ಅಂಗಡಿಯವರು ತಮ್ಮ ಶ್ರಮಕ್ಕೆ ಇದಕ್ಕಿಂತ ಸ್ವಲ್ಪ ಹೆಚ್ಚು ಕೇಳಿದರೆ ಅದು ಕೊಟ್ಟು ತೆಗೆದುಕೊಳ್ಳುವವರ ನಡುವಿನ ಮಾತು. ಆದರೆ ಶುಲ್ಕ ಎಷ್ಟು, ನಿಮ್ಮ ಕೂಲಿ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಎರಡನ್ನೂ ಒಟ್ಟು ಮಾಡಿ ‘ಎಲ್ಲಾ ಸೇರಿ ಇಷ್ಟು’ ಎನ್ನುವವನ ಬಳಿ ಅರ್ಜಿ ಹಾಕಿಸಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಅಂಗಡಿಯ ಆಚೆ, ಮೊಬೈಲಿನೊಳಗೇ ಇದೆ. ಪಾಸ್‌ಪೋರ್ಟ್ ನವೀಕರಣ ಎಂದು ಹುಡುಕಿದರೆ ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ಜಾಲತಾಣಗಳು ಸಾಲಾಗಿ ನಿಲ್ಲುತ್ತವೆ. ಅಶೋಕ ಸ್ತಂಭವನ್ನು ಹೋಲುವ ಚಿತ್ರ, ತ್ರಿವರ್ಣದ ಪಟ್ಟಿ, ‘ತಜ್ಞರ ನೆರವು’ ಎಂಬ ಭರವಸೆ ಎಲ್ಲವೂ ಅಲ್ಲಿರುತ್ತವೆ. ಇಂಥ ತಾಣಗಳ ಹೆಸರು ಹಿಡಿದೇ ಸಚಿವಾಲಯ ಎಚ್ಚರಿಕೆ ಹೊರಡಿಸಿದೆ. ಅವು ದುಬಾರಿ ಹಣ ಕಸಿಯುವುದಷ್ಟೇ ಅಲ್ಲ, ಆಧಾರ್, ಜನ್ಮದಿನಾಂಕ, ತಂದೆತಾಯಿಯ ಹೆಸರು, ಸಹಿ ಎಲ್ಲವನ್ನೂ ಸಂಗ್ರಹಿಸಿಕೊಳ್ಳುತ್ತವೆ. ಗುರುತು ಹಿಡಿಯುವ ದಾರಿ ಒಂದೇ: ಸರ್ಕಾರಿ ತಾಣದ ವಿಳಾಸದಲ್ಲಿ ‘ಪಾಸ್‌ಪೋರ್ಟ್‌ಇಂಡಿಯಾ’ ಎಂಬುದರ ನಂತರ ಜಿ-ಒ-ವಿ ಡಾಟ್ ಇನ್ ಎಂದಿರುತ್ತದೆ. ಆರ್ಗ್, ಕಾಮ್ ಎಂದು ಮುಗಿಯುವ ಯಾವುದೂ ಸರ್ಕಾರದ್ದಲ್ಲ. ಮೊಬೈಲಿನಲ್ಲಾದರೆ 2018ರ ಜೂನ್‌ನಲ್ಲಿ ಬಿಡುಗಡೆಯಾದ ‘ಎಂಪಾಸ್‌ಪೋರ್ಟ್ ಸೇವಾ’ ಆ್ಯಪ್ ಇದೆ. ಸಂದೇಹ ಬಂದರೆ 1800-258-1800ಕ್ಕೆ ಕರೆ ಮಾಡಬಹುದು. ಅದು ಉಚಿತ.

ಈಗ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವ ಸಂಗತಿಗೆ ಬರುತ್ತೇನೆ. ಸರ್ಕಾರಿ ತಾಣದಲ್ಲಿ ಅರ್ಜಿ ಹಾಕಲು ಮೊದಲು ಒಂದು ಖಾತೆ ತೆರೆಯಬೇಕು. ಅದಕ್ಕೊಂದು ಇಮೇಲ್, ಒಂದು ಪಾಸ್‌ವರ್ಡ್, ಒಂದು ಮೊಬೈಲ್ ಸಂಖ್ಯೆ ಬೇಕು. ಹಿರಿಯರ ಬಳಿ ಇಮೇಲ್ ಇರುವುದಿಲ್ಲ. ಇದ್ದರೂ ನೆನಪಿರುವುದಿಲ್ಲ. ಅಂಗಡಿಯಲ್ಲಿ ಹತ್ತು ಜನ ಕಾಯುತ್ತಿರುತ್ತಾರೆ. ಹುಡುಗ ತನ್ನದೇ ಇಮೇಲ್ ಹಾಕಿ, ತನ್ನದೇ ಸಂಖ್ಯೆ ಕೊಟ್ಟು ಮುಂದೆ ಹೋಗುತ್ತಾನೆ. ಅವನದು ಕೆಟ್ಟ ಉದ್ದೇಶವೇನಲ್ಲ, ಕೆಲಸ ಬೇಗ ಮುಗಿಯಲಿ ಎಂಬ ಅವಸರ. ಆದರೆ ಆ ಕ್ಷಣದಿಂದ ಅರ್ಜಿ ಯಾರ ಹೆಸರಿನಲ್ಲಿದೆಯೋ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಡತ ಪೊಲೀಸರಿಗೆ ಹೋಗಿದೆ ಎಂಬ ಸಂದೇಶ ಅಂಗಡಿಯವನಿಗೆ ಬರುತ್ತದೆ. ಠಾಣೆಯವರು ಕರೆ ಮಾಡಿದರೆ ಅವನ ಫೋನ್ ರಿಂಗಾಗುತ್ತದೆ. ಅವನು ಎತ್ತದಿದ್ದರೆ, ಸಂಪರ್ಕಕ್ಕೆ ಸಿಗಲಿಲ್ಲ ಎಂದು ವರದಿ ಹೋಗುವ ಅಪಾಯವಿದೆ. ಭೇಟಿಯ ದಿನ ಬದಲಿಸಬೇಕೆಂದರೂ ಅವನನ್ನೇ ಹುಡುಕಬೇಕು. ಮೊದಲ ಭೇಟಿ ಗೊತ್ತಾದ ದಿನದಿಂದ ಒಂದು ವರ್ಷದೊಳಗೆ ಮೂರು ಸಲ ದಿನ ಬದಲಿಸಿಕೊಳ್ಳುವ ಅವಕಾಶವನ್ನು ಇಲಾಖೆಯೇ ಕೊಟ್ಟಿದೆ. ಆದರೆ ಪಾಸ್‌ವರ್ಡ್ ಯಾರ ಬಳಿ ಇದೆಯೋ ಅವರಿಗೆ ಮಾತ್ರ ಅದು ದಕ್ಕುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಮಗನಿಂದಲೋ ಮೊಮ್ಮಗಳಿಂದಲೋ ನಿಮ್ಮ ಹೆಸರಿನಲ್ಲೊಂದು ಇಮೇಲ್ ಮಾಡಿಸಿಕೊಳ್ಳಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಹಳೆಯ ಪಾಸ್‌ಪೋರ್ಟಿನ ಜತೆಗೇ ಬೀರುವಿನಲ್ಲಿಡಿ. ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ. ನಿಮ್ಮ ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಿಗ್ನಲ್ ಸಿಗುವ ಮನೆಯ ಸದಸ್ಯರದ್ದಿರಲಿ. ಅಂಗಡಿಯವನ ಸಂಖ್ಯೆ ಮಾತ್ರ ಬೇಡ.

ಇನ್ನು ಹೆಸರು. ಕೊಡಗಿನಲ್ಲಿ ಪಾಸ್‌ಪೋರ್ಟಿನ ಅರ್ಧ ಗೋಜಲು ಇಲ್ಲೇ ಇರುವುದು. ಅರ್ಜಿಯಲ್ಲಿ ಎರಡು ಚೌಕಗಳಿರುತ್ತವೆ, ‘ಗಿವನ್ ನೇಮ್’ ಮತ್ತು ‘ಸರ್‌ನೇಮ್’. ಕೊಡವರ ಹೆಸರು ಮನೆತನದಿಂದ ಶುರುವಾಗುತ್ತದೆ. ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ಆಮೇಲೆ ತಂದೆಯದು, ಕೊನೆಗೆ ತನ್ನದು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಎರಡು ಹೆಸರು ನೆನಪಿಸಿಕೊಂಡರೆ ಸಾಕು, ಕ್ರಮ ಸ್ಪಷ್ಟವಾಗುತ್ತದೆ. ಜಗತ್ತು ಅವರನ್ನು ಕರೆದದ್ದು ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಎಂದೇ. ಅಂದರೆ ಇಂಗ್ಲಿಷ್ ಬರವಣಿಗೆಯ ರೂಢಿ ಕೊನೆಯಲ್ಲಿ ಬಂದ ಹೆಸರನ್ನೇ ಮನೆತನದ ಹೆಸರೆಂದು ಹಿಡಿದಿತ್ತು. ಅರ್ಜಿಯ ಚೌಕಗಳೂ ಅದೇ ರೂಢಿಯಿಂದ ಬಂದವು.

ಒಂದು ಮಳೆಗಾಲದ ಮಧ್ಯಾಹ್ನ ಇಂಥದೇ ಅಂಗಡಿಯಲ್ಲಿ ಕೇಳಿದ ಮಾತುಕತೆ ಇದು. ಅರುವತ್ತು ದಾಟಿದ ಹೆಂಗಸೊಬ್ಬರು ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹಳೆಯ ಪಾಸ್‌ಪೋರ್ಟು.

“ಸರ್‌ನೇಮ್ ಏನು ಹಾಕ್ಲಿ ಆಂಟಿ?”

“ಮನೆ ಹೆಸರು ಹಾಕಪ್ಪ.”

“ಯಾವ ಮನೇದು? ತವರಿಂದಾ, ಗಂಡನ ಮನೇದಾ?”

“ಆಧಾರಲ್ಲಿ ಗಂಡನ ಮನೇದಿದೆ. ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಮಾತ್ರ ಉಂಟು. ಪಾಸ್‌ಪೋರ್ಟಲ್ಲಿ ಏನಿದೆ ನೋಡು.”

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರಬೇಕಾದ ಸಾಲು ಖಾಲಿ ಇತ್ತು. ಮೂರು ಹೆಸರುಗಳೂ ಗಿವನ್ ನೇಮ್‌ನಲ್ಲೇ ಒಟ್ಟಿಗೆ ಕೂತಿದ್ದವು. ಹುಡುಗ ಒಂದು ಗಳಿಗೆ ಯೋಚಿಸಿ, ಗಂಡನ ಒಕ್ಕದ ಹೆಸರನ್ನು ಸರ್‌ನೇಮ್ ಚೌಕಕ್ಕೆ ಸರಿಸಿದ. ಅವರು “ಆಯ್ತು” ಎಂದರು.

ಅಕ್ಷರ ಒಂದೂ ಬದಲಾಗಲಿಲ್ಲ, ಚೌಕವಷ್ಟೇ ಬದಲಾಯಿತು ಎಂದು ನಮಗೆ ಅನ್ನಿಸುತ್ತದೆ. ಆದರೆ ಕಚೇರಿಯ ಲೆಕ್ಕದಲ್ಲಿ ಹೆಸರು ಕೂತ ಜಾಗ ಬದಲಾದರೂ ಅದು ವಿವರದ ಬದಲಾವಣೆ. ‘ಅವಧಿ ಮುಗಿದಿದೆ’ ಎಂಬ ಕಾರಣ ಕೊಟ್ಟು ಸರಳವಾಗಿ ಮುಗಿಯಬೇಕಿದ್ದ ಅರ್ಜಿ ‘ವೈಯಕ್ತಿಕ ವಿವರಗಳಲ್ಲಿ ಬದಲಾವಣೆ’ಯ ಗುಂಪಿಗೆ ಸೇರುತ್ತದೆ. ಅಧಿಕಾರಿ ದಾಖಲೆ ಕೇಳುತ್ತಾರೆ. ಇದನ್ನು ಮುಚ್ಚಿಟ್ಟು ಬರೀ ನವೀಕರಣವೆಂದು ಅರ್ಜಿ ಹಾಕಿದ್ದರೆ ಕೌಂಟರಿನಲ್ಲೇ ಕಡತ ನಿಲ್ಲುತ್ತದೆ. ಹೀಗಾಗಿ ಯಾರಿಗಾದರೂ ನಾನು ಹೇಳುವುದು ಇಷ್ಟೇ: ಹಳೆಯ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ ಇರಲಿ. ಬದಲಿಸಲೇಬೇಕಾದ ಕಾರಣವಿದ್ದರೆ ಬದಲಾವಣೆ ಎಂದೇ ಹೇಳಿ ಬದಲಿಸಿ. ಮದುವೆಯಾದ ಮಾತ್ರಕ್ಕೆ ಹೆಣ್ಣುಮಕ್ಕಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕೆಂಬ ನಿಯಮ ಇಲ್ಲ. ಒಕ್ಕ ಬದಲಾದದ್ದು ಸಂಪ್ರದಾಯದ ಮಾತು, ಅದನ್ನು ಪುಸ್ತಕದಲ್ಲಿ ತರುವುದೂ ಬಿಡುವುದೂ ಆಕೆಯ ಇಷ್ಟ.

ಒಕ್ಕದ ಹೆಸರಿನ ಮೇಲೆ ನಮಗಿರುವ ಅಭಿಮಾನ ಸಣ್ಣದಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿಯಲ್ಲಿ ತಂಡಗಳು ಆಡುವುದೇ ಒಕ್ಕದ ಹೆಸರಿನಲ್ಲಿ. ಅದೇ ಹೆಸರು ಸರ್‌ನೇಮ್ ಆಗಿ ಅಚ್ಚಾಗಲಿ ಎಂದು ಬಯಸುವವರು ಹಾಗೆಯೇ ಮಾಡಲಿ. ಆದರೆ ಒಂದು ಮನೆಯೊಳಗೆ ಅಪ್ಪನಿಗೊಂದು ಕ್ರಮ, ಮಗಳಿಗೊಂದು ಕ್ರಮ, ಮೊಮ್ಮಗನಿಗೆ ಮತ್ತೊಂದು ಎಂದಾಗಬಾರದು. ವೀಸಾ ಕಚೇರಿಯಲ್ಲಿ ‘ಇವರು ನಿಮ್ಮ ತಂದೆಯೇ?’ ಎಂಬ ಪ್ರಶ್ನೆ ಏಳುವುದು ಆಗಲೇ. ಇಂಗ್ಲಿಷ್ ಕಾಗುಣಿತವನ್ನೂ ಹಾಗೆಯೇ ಗಮನಿಸಬೇಕು. ತಿಮ್ಮಯ್ಯ, ಬೋಪಯ್ಯ, ಕಾರ್ಯಪ್ಪ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂಬುದು ಊರಿನ ಮದುವೆ ಕಾಗದಗಳನ್ನು ನೋಡಿದರೆ ತಿಳಿಯುತ್ತದೆ. ಹುಟ್ಟಿದ ಊರೂ ಅಷ್ಟೆ. ಹಳೆಯ ದಾಖಲೆಯಲ್ಲಿ ಮರ್ಕೆರಾ ಎಂದಿರುತ್ತದೆ, ಹೊಸದರಲ್ಲಿ ಮಡಿಕೇರಿ ಎಂದಿರುತ್ತದೆ. ಒಂದರಲ್ಲಿ ಕೂರ್ಗ್, ಇನ್ನೊಂದರಲ್ಲಿ ಕೊಡಗು. ಹಳೆಯ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ ನೋಡದೆ ‘ಸಬ್‌ಮಿಟ್’ ಒತ್ತಲು ಬಿಡಬೇಡಿ.

ಒಂದೇ ಹೆಸರಿನವರ ಕಷ್ಟ ಬೇರೆ. ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಇಲ್ಲದೆ ಬರೀ ಒಂದೇ ಹೆಸರಿಟ್ಟುಕೊಂಡವರು ನಮ್ಮ ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಭಾರತದ ಪಾಸ್‌ಪೋರ್ಟಿಗೆ ಅದರಿಂದ ಅಡ್ಡಿಯಿಲ್ಲ. ಸರ್‌ನೇಮ್ ಚೌಕ ಖಾಲಿ ಬಿಡಬಹುದು. ಆದರೆ 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದಲ್ಲಿ ಬರುವವರಿಗೆ ಪ್ರವೇಶವಿಲ್ಲ ಎಂದಿತು. ಬಳಿಕ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂಬ ಸ್ಪಷ್ಟನೆ ಬಂತು. ದುಬೈಗೆ ಹೋಗುವ ಯೋಚನೆ ಇರುವವರು ನವೀಕರಣದ ಹೊತ್ತಿನಲ್ಲೇ ಈ ವಿಚಾರ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ವೀಸಾ ಕೈಗೆ ಬಂದ ಮೇಲೆ ಹೆಸರು ತಿದ್ದಿಸಲು ಓಡಾಡುವುದು ಬಹಳ ಕಷ್ಟ.

ಗಲ್ಫ್ ಎಂದಾಗ ಇನ್ನೊಂದು ಮಾತು. ಕೆಲವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದು ಮುದ್ರಿಸಿರುತ್ತದೆ. ವಲಸೆ ಅನುಮತಿ ಬೇಕು ಎಂದು ಅದರ ಅರ್ಥ. 1983ರ ವಲಸೆ ಕಾಯ್ದೆಯ ಪ್ರಕಾರ, ಇಂಥ ಪುಸ್ತಕ ಇರುವವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕು. ಹತ್ತನೇ ತರಗತಿ ಪಾಸಾಗದವರಿಗೆ ಏಜೆಂಟರ ಮೋಸದಿಂದ ರಕ್ಷಣೆ ಸಿಗಲಿ ಎಂಬ ಉದ್ದೇಶದಿಂದ ಬಂದ ಏರ್ಪಾಡು ಇದು. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಎಸ್ಸೆಸ್ಸೆಲ್ಸಿ ಆಗಿರದೆ ಆಮೇಲೆ ಪಾಸು ಮಾಡಿಕೊಂಡವರು, 50 ವರ್ಷ ದಾಟಿದವರು, ಆದಾಯ ತೆರಿಗೆ ಕಟ್ಟುವವರು, ಮೂರು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ಇದ್ದು ಬಂದವರು ದಾಖಲೆ ಕೊಟ್ಟು ಅದನ್ನು ತೆಗೆಸಬಹುದು. ಅಂಗಡಿಯಲ್ಲಿ ಈ ಪ್ರಶ್ನೆಯನ್ನು ನಿಮಗೆ ಕೇಳದೆಯೇ ಹಳೆಯದರಂತೆ ಟಿಕ್ ಮಾಡಿಬಿಡುತ್ತಾರೆ. ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಕಷ್ಟಪಟ್ಟು ಹತ್ತನೇ ತರಗತಿ ಮುಗಿಸಿದ ಹುಡುಗನೊಬ್ಬನ ಪುಸ್ತಕದಲ್ಲಿ ಇನ್ನೂ ಹತ್ತು ವರ್ಷ ಇಸಿಆರ್ ಉಳಿಯುವುದು ಅವನಿಗೆ ಮಾಡುವ ಅನ್ಯಾಯ.

ವಿಳಾಸದ ಭಾಗದಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಾಸವಿದ್ದು ಊರಿನ ಮನೆಯ ವಿಳಾಸ ಕೊಡುವುದು. ಪೊಲೀಸರು ಬಂದಾಗ ಆ ವಿಳಾಸದಲ್ಲಿ ನೀವು ಸಿಗಬೇಕು. ಅಲ್ಲಿ ವಾಸವಿಲ್ಲ ಎಂದು ವರದಿ ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯಲ್ಲಿ ಬೇಕಾದರೂ ಅರ್ಜಿ ಹಾಕಬಹುದೆಂಬ ಸೌಲಭ್ಯ 2018ರಿಂದಲೇ ಇದೆ. ಎಲ್ಲಿಯೇ ಅರ್ಜಿ ಹಾಕಿದರೂ ಪರಿಶೀಲನೆ ನಡೆಯುವುದು ನೀವು ಕೊಟ್ಟ ವಿಳಾಸದ ಠಾಣೆಯಿಂದ. ಇನ್ನೊಂದು, ಆ ಠಾಣೆಯ ಆಯ್ಕೆ. ಕೊಡಗಿನ ವಿಳಾಸಗಳಿಗೆ ಮನೆ ನಂಬರಿಗಿಂತ ತೋಟದ ಹೆಸರು, ಮನೆತನದ ಹೆಸರು, ಅಂಚೆ ಕಚೇರಿಯ ಹೆಸರೇ ಗುರುತು. ಅಂಚೆ ಒಂದು ಊರಿನದು, ಪಂಚಾಯಿತಿ ಮತ್ತೊಂದರದು, ಪೊಲೀಸ್ ಠಾಣೆ ಮೂರನೆಯದರದು. ಪೊನ್ನಂಪೇಟೆ, ಕುಶಾಲನಗರ ಈಚೆಗೆ ಬೇರೆ ತಾಲ್ಲೂಕುಗಳಾದ ಮೇಲೆ ಆಧಾರ್‌ನಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಉಳಿದವರು ಬಹಳ ಮಂದಿ ಇದ್ದಾರೆ. ಕುಟ್ಟದ ಆಚೆಯ ಮನೆಗೆ ಶ್ರೀಮಂಗಲ ಠಾಣೆ ಹಾಕಿದರೆ ಕಡತ ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ನಿಮ್ಮ ಮನೆ ಯಾವ ಠಾಣೆಯ ಸರಹದ್ದಿಗೆ ಸೇರುತ್ತದೆಂದು ಗೊತ್ತಿಲ್ಲದಿದ್ದರೆ ಬೀಟ್ ಪೊಲೀಸರನ್ನೇ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪರಿಶೀಲನೆಗೆ ಯಾರೂ ಯಾರಿಗೂ ಹಣ ಕೊಡಬೇಕಿಲ್ಲ, ಆ ಖರ್ಚನ್ನು ಕೇಂದ್ರ ಸರ್ಕಾರವೇ ರಾಜ್ಯ ಪೊಲೀಸರಿಗೆ ಕೊಡುತ್ತದೆ. ‘ಪೊಲೀಸರಿಗೆ ಕೊಡಬೇಕು’ ಎಂದು ಅಂಗಡಿಯಲ್ಲೇ ಹೆಚ್ಚುವರಿ ಹಣ ಕೇಳಿದರೆ ಎದ್ದು ಬನ್ನಿ.

ಅರ್ಜಿಯ ಕೊನೆಯ ಭಾಗದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಅಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ಬಾಕಿ ಇದೆಯೇ’ ಎಂದು ಕೇಳುತ್ತದೆ. ಸಹಾಯಕ್ಕೆ ಕೂತವನು ಓದಿ ಹೇಳುವ ಗೋಜಿಗೆ ಹೋಗದೆ ‘ಇಲ್ಲ’ ಎಂದು ಸಾಲಾಗಿ ಒತ್ತುತ್ತಾ ಹೋಗುತ್ತಾನೆ. ಬೇಲಿ ಜಗಳ, ದಾರಿ ಜಗಳ, ಪಾಲಿನ ಜಗಳಗಳಲ್ಲಿ ದಾಖಲಾಗಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಕೊಳೆಯುತ್ತಿರುವ ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಅಂಥದೊಂದರಲ್ಲಿ ಹೆಸರಿರುವವರು ‘ಇಲ್ಲ’ ಎಂದು ಬರೆದು ಸಹಿ ಮಾಡಿದರೆ ಅದು ಸುಳ್ಳು ಮಾಹಿತಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟು ಅಥವಾ ಮುಖ್ಯ ಮಾಹಿತಿ ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆದರೆ ಎರಡು ವರ್ಷದವರೆಗೆ ಸೆರೆ, ₹5,000ದವರೆಗೆ ದಂಡ ಅಥವಾ ಎರಡೂ. ಪಾಸ್‌ಪೋರ್ಟ್ ಮುಟ್ಟುಗೋಲು ಹಾಕಿಕೊಳ್ಳಲೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಶಿಕ್ಷೆ ಸಹಿ ಮಾಡಿದವರಿಗೆ, ಟೈಪ್ ಮಾಡಿದವನಿಗಲ್ಲ.

ನಿಜ ಹೇಳಿದರೆ ಪಾಸ್‌ಪೋರ್ಟೇ ಸಿಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. 1993ರ ಆಗಸ್ಟ್ 25ರ ಅಧಿಸೂಚನೆಯ ಪ್ರಕಾರ, ಮೊಕದ್ದಮೆ ನಡೆಯುತ್ತಿರುವ ನ್ಯಾಯಾಲಯದಿಂದ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡಬಹುದು. ಎಷ್ಟು ಕಾಲಕ್ಕೆ ಎಂದು ನ್ಯಾಯಾಲಯ ಹೇಳಿದ್ದರೆ ಅಷ್ಟು ಕಾಲಕ್ಕೆ, ಹೇಳದಿದ್ದರೆ ಒಂದು ವರ್ಷಕ್ಕೆ. ವಕೀಲರೊಬ್ಬರನ್ನು ಕಂಡು ಈ ದಾರಿ ಹಿಡಿಯುವುದು ಗೌರವದ ಮಾರ್ಗ.

ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ದಿನದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಶುರುವಾದದ್ದು ಮೈಸೂರಿನಲ್ಲಿ, ಇನ್ನೊಂದು ಗುಜರಾತಿನ ದಾಹೋದ್‌ನಲ್ಲಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿನಲ್ಲಿ ಪೂರ್ಣ ಪ್ರಮಾಣದ ಸೇವಾ ಕೇಂದ್ರವಿದೆ, ಆದರೆ ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬಿ ದಿನ ಗೊತ್ತುಮಾಡಿಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಆ ರಸ್ತೆ ವಾರಗಟ್ಟಲೆ ಮುಚ್ಚಿದ್ದು ಯಾರೂ ಮರೆತಿರಲಾರರು. ಅರ್ಜಿದಾರರು ಸ್ವತಃ ಹೋಗಲೇಬೇಕು, ಏಜೆಂಟನಿಗೆ ಒಳಗೆ ಕೆಲಸವಿಲ್ಲ. ಸೇವಾ ಕೇಂದ್ರದಲ್ಲಿ ಎ, ಬಿ, ಸಿ ಎಂಬ ಮೂರು ಹಂತದ ಕೌಂಟರುಗಳು. ಮೊದಲನೆಯದರಲ್ಲಿ ದಾಖಲೆ ಸ್ಕ್ಯಾನ್, ಫೋಟೊ, ಬೆರಳಚ್ಚು. ಎರಡನೆಯದರಲ್ಲಿ ಪರಿಶೀಲನೆ. ಮೂರನೆಯದರಲ್ಲಿ ಮಂಜೂರು ಮಾಡುವ ಅಧಿಕಾರಿ. ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್, ವಿಳಾಸ ಬದಲಾಗಿದ್ದರೆ ಅದರ ದಾಖಲೆ ಒಯ್ಯಬೇಕು. ಜೆರಾಕ್ಸ್ ಮೇಲೆ ನೀವೇ ಸಹಿ ಮಾಡಿದರೆ ಸಾಕು. ಮೊದಲ ಕೌಂಟರಿನ ಪರದೆಯಲ್ಲಿ ನಿಮ್ಮ ವಿವರಗಳನ್ನು ತೋರಿಸುತ್ತಾರೆ. ಅಂಗಡಿಯಲ್ಲಿ ಆದ ತಪ್ಪು ಹಿಡಿಯಲು ಅದು ಕೊನೆಯ ಅವಕಾಶ. ನಾಚಿಕೆಯಿಲ್ಲದೆ ಕನ್ನಡಕ ಹಾಕಿಕೊಂಡು ಓದಿ, ಅರ್ಥವಾಗದಿದ್ದರೆ ಓದಿ ಹೇಳಲು ಕೇಳಿ. ಹಳೆಯ ಪುಸ್ತಕವನ್ನು ರದ್ದು ಮಾಡಿ ವಾಪಸು ಕೊಡುತ್ತಾರೆ. ಅದರಲ್ಲಿ ಅವಧಿ ಉಳಿದ ವೀಸಾ ಇದ್ದರೆ ಜೋಪಾನವಾಗಿಡಿ.

ವಿದೇಶದಲ್ಲಿರುವ ನಮ್ಮವರಿಗೆ ಸಹಾಯದ ರೂಪ ಬೇರೆ. ಅಲ್ಲಿ ರಾಯಭಾರ ಕಚೇರಿಗಳೇ ಅರ್ಜಿ ಪಡೆಯುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಹೊರಗುತ್ತಿಗೆ ಕೊಟ್ಟಿವೆ. ಅಮೆರಿಕದಲ್ಲಿ ಈ ಕೆಲಸ 2020ರ ನವೆಂಬರ್‌ನಲ್ಲಿ ವಿಎಫ್‌ಎಸ್ ಗ್ಲೋಬಲ್‌ಗೆ ಬಂತು. ಯುಎಇಯಲ್ಲಿ ವರ್ಷಗಟ್ಟಲೆ ಬಿಎಲ್‌ಎಸ್ ಇಂಟರ್‌ನ್ಯಾಷನಲ್ ನಡೆಸಿಕೊಂಡು ಬಂದಿದೆ. ಅವು ಅಧಿಕೃತ. ಆದರೆ ಫಾರಂ ತುಂಬಿಕೊಡುವುದು, ಫೋಟೊ, ಕೊರಿಯರ್, ವಿಶೇಷ ಕೊಠಡಿ ಮುಂತಾಗಿ ಅಲ್ಲಿ ಕಾಣುವ ಹೆಚ್ಚುವರಿ ಸೇವೆಗಳಲ್ಲಿ ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಕೇಳಿಯೇ ಹಣ ಕೊಡಿ.

ಕೊಡಗಿನ ಮನೆಗಳಿಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆ ಉಳಿದಿದೆ. ನಮ್ಮ ಮಳೆ ಬೀರುವಿನೊಳಗಿನ ರೇಷ್ಮೆ ಸೀರೆಯನ್ನೂ ಬಿಡುವುದಿಲ್ಲ, ಪಾಸ್‌ಪೋರ್ಟನ್ನೂ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬೂಸ್ಟು ಹಿಡಿದು, ಪುಟ ಅಂಟಿಕೊಂಡು, ಫೋಟೊ ಮಾಸಿದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಅವಧಿ ಇನ್ನೂ ಉಳಿದಿರುವ ಪಾಸ್‌ಪೋರ್ಟ್ ಹಾಳಾದರೆ ಅಥವಾ ಕಳೆದುಹೋದರೆ 36 ಪುಟದ ಬದಲಿ ಪುಸ್ತಕಕ್ಕೆ ಶುಲ್ಕ ₹3,000, ಅಂದರೆ ಎರಡು ಪಟ್ಟು. ಗಾಳಿಯಾಡದ ಡಬ್ಬಿಯಲ್ಲಿ ಒಂದು ಪುಟ್ಟ ಸಿಲಿಕಾ ಪೊಟ್ಟಣದೊಂದಿಗೆ ಇಟ್ಟರೆ ಆ ಖರ್ಚು ತಪ್ಪುತ್ತದೆ.

ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಮೂರು ವರ್ಷ ದಾಟಿದರೆ ಅರ್ಜಿಯ ಗುಂಪೇ ಬದಲಾಗುತ್ತದೆ. ಬಹಳ ದೇಶಗಳು ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆನ್ನುವುದರಿಂದ, ಪುಸ್ತಕದ ಮೇಲಿನ ದಿನಾಂಕಕ್ಕಿಂತ ಆರು ತಿಂಗಳು ಮುಂಚೆಯೇ ಅದು ಕೆಲಸಕ್ಕೆ ಬಾರದ್ದಾಗುತ್ತದೆ. ಆದ್ದರಿಂದ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳಲ್ಲಿ ಒಂದು ಕೋರಿಕೆ. ಹುತ್ತರಿಗೋ ಕಾವೇರಿ ಸಂಕ್ರಮಣಕ್ಕೋ ಊರಿಗೆ ಬಂದಾಗ ಅಪ್ಪ ಅಮ್ಮನ ಪಾಸ್‌ಪೋರ್ಟ್ ತೆರೆದು ಕೊನೆಯ ದಿನಾಂಕ ನೋಡಿ. ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಅವರ ಹೆಸರಿನಲ್ಲೇ ಇಮೇಲ್ ತೆರೆದು, ಅವರ ಪಕ್ಕದಲ್ಲೇ ಕೂತು, ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ ಮಲಯಾಳದಲ್ಲೋ ಅರೆಭಾಷೆಯಲ್ಲೋ ಓದಿ ಹೇಳಿ, ಅವರು ಕೊಟ್ಟ ಉತ್ತರವನ್ನೇ ತುಂಬಿ. ನಿಮಗೆ ಬರಲಾಗದಿದ್ದರೆ ಇಷ್ಟನ್ನು ಮಾಡಿಕೊಡುವ ಒಬ್ಬರನ್ನು ಊರಿನಲ್ಲೇ ಗೊತ್ತುಮಾಡಿ, ಅವರ ಶ್ರಮಕ್ಕೆ ತಕ್ಕ ಕೂಲಿ ಕೊಡಿ.